ಕೋರಂ

ನಾನು ಅವರ ಆ್ಯಪಿಗೆ ಮುನ್ನೂರು ಕನ್ನಡ ಮಾತು ಕೊಟ್ಟೆ,
ಅವರು ನನಗೆ ನಲವತ್ತೊಂದು ಟೋಕನ್ ಕೊಟ್ಟರು.
ಕೆಲಸ ಕೊಡಿಸಿದವನು ಮುಳಬಾಗಿಲು ಬಸ್‌ಸ್ಟ್ಯಾಂಡಿನ ಅಷ್ಫಾಕ್,
ಒಡೆದ ಮೊಬೈಲುಗಳ ಹೊಟ್ಟೆ ಬಿಚ್ಚಿಕೊಂಡು ಕೂರುವವನು.
"ಮಾರಿದರೆ ದುಡ್ಡಕ್ಕ, ಇಟ್ಟುಕೊಂಡರೆ ಓಟು" ಅಂದ.
ಹನ್ನೆರಡು ಪದ ಬರೆಸಿದ, ಯಾರಿಗೂ ತೋರಿಸಬೇಡ ಅಂದ.
ಹಿಂಡಿ ಮುಗಿದ ಚೀಲದ ಒಳಮೈಗೆ ಬರೆದು
ಮಡಚಿ ಕ್ಯಾನುಗಳ ಹಿಂದೆ ಇಟ್ಟೆ.

ಡೈರಿಯ ಕಾರ್ಯದರ್ಶಿ ನಾನು. ಹನ್ನೊಂದು ವರ್ಷದಿಂದ
ಬೆಳಿಗ್ಗೆ ಆರಕ್ಕೆ ಹಾಲಿನ ಡಿಗ್ರಿ ನೋಡುತ್ತೇನೆ,
ನೀರು ಬೆರೆಸಿದವರ ಮುಖ ನೋಡುವುದಿಲ್ಲ.
ಅದಕ್ಕೇ ಇರಬೇಕು, ಅವರ ಇಂಗ್ಲಿಷಿಗೆ ನಾನು ಹೆದರಲಿಲ್ಲ.
ಪ್ರಪೋಸಲ್ ಅಂದರೆ ಠರಾವು.
ಕೋರಂ ಅಂದರೆ ಕೋರಂ,
ನಮ್ಮಲ್ಲಿ ಟೀ ಬರುವ ತನಕ ಆಗದೇ ಇರುವುದು.
ಡೆಲಿಗೇಟ್ ಅಂದರೆ
"ನಂದೂ ಒಂದು ಕೈ ಎತ್ತಿ ಬಾರೇ" ಅನ್ನುವುದು.
ಒಂದು ಮಾತಿಗೆ ಮಾತ್ರ ತಡವರಿಸಿದೆ:
ರಾಶಿ ಟೋಕನ್ ಇದ್ದವನನ್ನು ಅವರು ತಿಮಿಂಗಿಲ ಅನ್ನುತ್ತಾರೆ.
ನೆಟ್ಟಗೆ ಹರಿಯುವ ಒಂದು ಹೊಳೆ ಇಲ್ಲದ ಸೀಮೆ ನಮ್ಮದು.
ಎರಡು ದಿನ ಯೋಚಿಸಿ ತಿಮಿಂಗಿಲ ಎಂದೇ ಬರೆದೆ,
ಬರೆದು, ಕೆರೆಯ ಕಡೆ ಒಮ್ಮೆ ನೋಡಿದೆ.

ಮೊದಲ ಠರಾವು ಬಂದದ್ದು ಸೋಮವಾರ, ಸಂಜೆ ಹಾಲಿನ ಹೊತ್ತಿಗೆ.
ನಂಬರ್ ಅರವತ್ತೆರಡು:
ಐವತ್ತು ಟೋಕನ್ನಿಗೆ ಕಡಿಮೆ ಇರುವವರಿಗೆ
ಇನ್ನು ಮುಂದೆ ಓಟು ಬೇಡ. ಗದ್ದಲ ತಗ್ಗುತ್ತದೆ.

ಗದ್ದಲ.
ಆ ಪದವನ್ನು ಆರಿಸಿ ಕೊಟ್ಟವಳು ನಾನೇ.

'ಬೇಡ' ಒತ್ತಿದೆ.
ಬೆರಳಿಗೆ ಶಾಯಿ ಇಲ್ಲ, ಸಾಲಿಲ್ಲ,
ಗೇಟಿನ ಹೊರಗೆ ಕೈಮುಗಿದು ನಿಂತವರಿಲ್ಲ.
ಒಂದು ಚಕ್ರ ತಿರುಗಿತು, ತಿರುಗುತ್ತಲೇ ಇತ್ತು,
ಕರೆಂಟು ಹೋಯಿತು, ಬಂತು. ಆಗಿತ್ತು.
ಆ ನೀಲಿ ಪಟ್ಟಿಯಲ್ಲಿ ನನ್ನ ನಲವತ್ತೊಂದು
ಕೂದಲೆಳೆಯಷ್ಟೂ ಜರುಗಲಿಲ್ಲ.
ಆದರೂ ಐದು ದಿನ, ಹೆಪ್ಪು ಹಾಕಿದ ಹಾಲನ್ನು
ಮುಚ್ಚಳ ತೆಗೆದು ತೆಗೆದು ನೋಡುವ ಹೊಸ ಸೊಸೆಯ ಹಾಗೆ
ನೋಡಿದ್ದೇ ನೋಡಿದ್ದು.
ಶುಕ್ರವಾರ ರಾತ್ರಿಯೂ 'ಬೇಡ' ಮುಂದಿತ್ತು.
ಸಾವಿರದ ನಾನೂರು ಮಂದಿ. ಹೆಸರೂ ಅಲ್ಲ,
ಅಂಕಿ ಅಕ್ಷರಗಳ ಉದ್ದುದ್ದ ಬಾಲ.
ನಮ್ಮವರು ಅನ್ನಿಸಿಬಿಟ್ಟರು.

ಕೊನೆಯ ಗಂಟೆಯಲ್ಲಿ ಒಬ್ಬನೇ ಬಂದ.
ಒಂಬತ್ತು ಲಕ್ಷ. ಬೇಕು.

"ಹೋಗಲಿ ಬಿಡಕ್ಕ, ಇನ್ನೊಂಬತ್ತು ಟೋಕನ್ ತಗೊಂಡುಬಿಡು"
ಅಂದ ಅಷ್ಫಾಕ್. ಯಾರದೋ ಫೋನಿನ ಗಾಜು ಕೀಳುತ್ತಿದ್ದ.

ಬೈದುಕೊಂಡೇ ಮಲಗಿದೆ. ನಮ್ಮ ಡೈರಿಯಲ್ಲಿ ಹಾಗಲ್ಲಪ್ಪ,
ಹದಿನಾಲ್ಕು ಸೀಮೆಹಸುವಿನ ಕದಿರಪ್ಪನಿಗೂ ಒಂದೇ ಕೈ,
ಒಂದು ಹಸುವಿನ ಪಿಳ್ಳಮ್ಮನಿಗೂ

ಪಿಳ್ಳಮ್ಮ.

ಹೋದ ಸೆಪ್ಟೆಂಬರಿನಲ್ಲಿ ಪಟ್ಟಿ ಓದಿದ್ದು ನಾನೇ, ಮೈಕು ಹಿಡಿದು.
ವರ್ಷಕ್ಕೆ ಇಷ್ಟು ದಿನ ಹಾಲು ಹಾಕದವರಿಗೆ ಓಟಿಲ್ಲ.
ಬೈಲಾ. ನಾನು ಮಾಡಿದ್ದಲ್ಲ.
ಕಾಲುಬಾಯಿ ಬಂದು ಅವಳ ಹಸು ತಿಂಗಳುಗಟ್ಟಲೆ ಬತ್ತಿತ್ತು,
ಆರು ದಿನ ಕಮ್ಮಿ ಬಿತ್ತು.
ಹಿಂದಿನ ಸಾಲಿನಲ್ಲಿ, ಎತ್ತಿದ್ದ ಕೈಯನ್ನು
ಸೆರಗು ಸರಿಮಾಡಿಕೊಳ್ಳುವ ಹಾಗೆ ಇಳಿಸಿಕೊಂಡಳು.
ನಡಾವಳಿ ಪುಸ್ತಕದಲ್ಲಿ ಬರೆದೆ: ಸರ್ವಾನುಮತದಿಂದ.
ದುಂಡಗೆ ಬರೆದಿದ್ದೆ. ನನ್ನ ಅಕ್ಷರ ಚೆನ್ನಾಗಿದೆ ಅನ್ನುತ್ತಾರೆ.

ಭಾನುವಾರ ಬೆಳಿಗ್ಗೆ ಬಂದಳು.
ಒಂದೂವರೆ ಲೀಟರು, ಡಿಗ್ರಿ ಇಪ್ಪತ್ತೆಂಟು.
"ಅಕ್ಕ, ಈ ವರ್ಷ ನಿಂದು ಎಷ್ಟು ದಿನ ಆಯ್ತು, ಲೆಕ್ಕ ಇದೆಯಾ?"
"ಬರಕೊಳ್ಳೋಳು ನೀನು ತಾನೆ" ಅಂದಳು,
ಚೀಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಪುಸ್ತಕ ತೆಗೆದೆ. ಏಪ್ರಿಲಿನಿಂದ ಎಣಿಸತೊಡಗಿದೆ.
ಸಾಲಿನಲ್ಲಿ ಹಿಂದಿನವಳು
ಕ್ಯಾನು ತಟ್ಟುತ್ತಿದ್ದಳು.